ಕರ್ನಲ್ ಸಂಚಿತಾಳ ಫ್ಲೆಕ್ಸ್

ಉರ್ವ, ಮಂಗಳೂರು
19 ಜುಲೈ 2025

ಮಗಳೇ ಸಂಚಿತಾ,

ನಿನ್ನ ದೊಡ್ಡಮ್ಮನ ಆಶೀರ್ವಾದ. ಫೋನ್ ಮಾಡಿದರೆ "ಆಮೇಲೆ ಮಾತಾಡ್ತೇನೆ ದೊಡ್ಡಮ್ಮ" ಎಂದು ಇಟ್ಟುಬಿಡುತ್ತೀ. ಕಾಗದವಾದರೆ ನನ್ನ ಮಾತು ಮುಗಿಯುವವರೆಗೆ ನೀನು ಕೇಳಲೇಬೇಕು. ಐದನೇ ಕ್ಲಾಸಿಗೆ ಶಾಲೆ ಬಿಟ್ಟವಳ ಅಕ್ಷರ, ತಪ್ಪಿದ್ದರೆ ತಿದ್ದಿಕೊಂಡು ಓದು.

ಮೊದಲು ನನ್ನ ಸಿಟ್ಟು. ನಿನ್ನನ್ನು ಕಮಾಂಡ್‌ನಿಂದ ತೆಗೆದರೆಂದು ನನಗೆ ಗೊತ್ತಾದದ್ದು ಪೇಪರಿನಿಂದ. ಹೆಸರು ಹಾಕಿದ್ದಾರೆ, ಊರು ಹಾಕಿದ್ದಾರೆ, ಸಮವಸ್ತ್ರದ ಫೋಟೋವನ್ನೂ ಹಾಕಿದ್ದಾರೆ. ಕಾರಣ ಮಾತ್ರ ತಿಳಿಸಲಾಗುವುದಿಲ್ಲ ಎಂದರಂತೆ ಸೇನೆಯವರು, ಅಧಿಕಾರಿಯ ಖಾಸಗಿತನಕ್ಕೆ ಗೌರವವಂತೆ. ಇದೆಂಥ ಗೌರವ ಮಾರಾಯ್ತಿ? ಹೇಳುವುದಾದರೆ ಪೂರ್ತಿ ಹೇಳಬೇಕು, ಇಲ್ಲವಾದರೆ ಹೆಸರನ್ನೂ ಬಿಡಬೇಕು. ಅವರು ಖಾಲಿ ಬಿಟ್ಟ ಜಾಗವನ್ನು ಈಗ ಊರು ತುಂಬಿಸುತ್ತಿದೆ. ಮೀನು ಕೊಳ್ಳುವಲ್ಲಿ ಒಬ್ಬಳು ಹಣದ ವಿಷಯವಂತೆ ಎಂದಳು. ಸಿಟಿ ಬಸ್ಸಿನಲ್ಲಿ ಹಿಂದಿನ ಸೀಟಿನವನು, "ಹೆಂಗಸಲ್ವಾ, ಬೇರೆ ಎಂತದೋ ಉಂಟು" ಎಂದು ನಕ್ಕ. "ಎಂತ ಉಂಟು? ಹೇಳು, ನಾನೂ ಕೇಳ್ತೇನೆ" ಎಂದು ತಿರುಗಿದೆ. ಮುಂದಿನ ಸ್ಟಾಪಿನಲ್ಲಿ ಇಳಿದು ಹೋದ.

ಯುವಕ ಮಂಡಲದ ಸುಂದರನ ನೆನಪುಂಟಲ್ಲ? ನೀನು ಕಮಾಂಡ್ ವಹಿಸಿಕೊಂಡಾಗ ಮಾರ್ಕೆಟಿನ ಎದುರು "ಉರ್ವದ ಹೆಮ್ಮೆ" ಎಂದು ಫ್ಲೆಕ್ಸ್ ಕಟ್ಟಿಸಿದವನು. ನಿನ್ನ ಮುಖಕ್ಕಿಂತ ಅವನದ್ದೇ ದೊಡ್ಡದಿತ್ತು. ಈ ಸಲ ಆಗಸ್ಟ್ ಹದಿನೈದಕ್ಕೆ ಧ್ವಜ ಏರಿಸಲು ನಿನ್ನನ್ನು ಕರೆದವನೂ ಅವನೇ. ಮೊನ್ನೆ ಬಂದು, "ಕಾರಣ ಒಂದು ಹೇಳಿ ಅಕ್ಕ, ಕಮಿಟಿಗೆ ನಾನು ಉತ್ತರ ಕೊಡ್ಬೇಕಲ್ಲ" ಎಂದ. ನನಗೇ ಗೊತ್ತಿಲ್ಲ ಎಂದರೆ ನಂಬಲಿಲ್ಲ. ಮರುದಿನ ಬೆಳಿಗ್ಗೆ ಫ್ಲೆಕ್ಸ್ ಕಾಣೆ. ಸುಂದರನೇ ತೆಗೆಸಿದನೆಂದು ಎಲ್ಲರ ಬಾಯಲ್ಲಿ.

ನಾನು ಸುಮ್ಮನೆ ಕೂತಿರಲಿಲ್ಲ. ಪೇಪರಿನಲ್ಲಿ ಬಂದ ವಾರವೇ ನಿನ್ನ ತಮ್ಮ ಶ್ರವಣ್‌ನಿಂದ ಮಾಹಿತಿ ಹಕ್ಕಿನ ಅರ್ಜಿ ಹಾಕಿಸಿದ್ದೆ. ವಕೀಲನಾಗಿ ಅಕ್ಕನಿಗೆ ಇಷ್ಟೂ ಮಾಡದಿದ್ದರೆ ಎಂತಕ್ಕೆ ಆ ಕರಿ ಕೋಟು ಎಂದು ಬೈದೇ ಹಾಕಿಸಿದ್ದು. ನಿನ್ನೆ ಉತ್ತರ ಬಂತು. ಸಂಬಂಧಪಟ್ಟ ಅಧಿಕಾರಿಯನ್ನು ಕೇಳಲಾಯಿತು, ಕಾರಣ ಬಹಿರಂಗಪಡಿಸಲು ಅವರು ಒಪ್ಪಿಲ್ಲ ಎಂದು. ಇನ್ನೊಮ್ಮೆ ಓದಿಸಿದೆ. ಒಪ್ಪದವಳು ನೀನು! ಇಷ್ಟು ದಿನ ನಾನು ಸೇನೆಗೆ ಬೈದ ಬೈಗುಳವೆಲ್ಲ ಯಾರಿಗೆ ಬಿತ್ತು ಈಗ?

ಬಾಯಿ ತೆರೆಯಲು ನಿನಗೆ ಎಂತ ಕಷ್ಟ? ತಪ್ಪಾಗಿದ್ದರೆ ಆಗಿದೆ ಎನ್ನು. ಆಗಿಲ್ಲವಾದರೆ ಕೂಗಿ ಹೇಳು. ಇದನ್ನೇ ಶ್ರವಣ್ ಎದುರು ಕೂಗಾಡುತ್ತಿದ್ದಾಗ ಪಕ್ಕದ ಮನೆಯ ಝುಬೈದಾ ಬಾಗಿಲಿಗೆ ಬಂದಳು. "ಅವಳು ಎಂತ ಮಾಡಿದ್ಲು ಅಂತ ಊರಿಡೀ ಕೇಳ್ತಾ ಉಂಟು ಅಕ್ಕ. ಊಟ ಮಾಡ್ತಾಳಾ ಅಂತ ನೀವಾದ್ರೂ ಕೇಳಿದ್ರಾ?" ಎಂದಳು.

ಕೇಳಿರಲಿಲ್ಲ ಮಗಳೇ. ಊಟ ಮಾಡುತ್ತೀಯಾ?

ಸಿಟ್ಟು ಹೋಯಿತೆಂದು ಸುಳ್ಳು ಬರೆಯುವುದಿಲ್ಲ. ಆದರೆ ಬಾಗಿಲು ಹಾಕಿಕೊಂಡವಳು ನೀನೇ ಎಂದು ಗೊತ್ತಾದ ಮೇಲೆ ಹೊರಗಿನಿಂದ ಬಡಿಯುವುದು ನನ್ನಿಂದಾಗದು. ಊರಿನ ಮಾತು ಅಡಗುವವರೆಗೆ ಬರುವುದಿಲ್ಲ ಎಂದು ಶ್ರವಣ್‌ಗೆ ಹೇಳಿದ್ದೀಯಂತೆ. ಈ ಊರಿನ ಮಾತು ಅಡಗುವವರೆಗೆ ಬದುಕಿರಲು ನನ್ನಿಂದ ಸಾಧ್ಯವಾ? ಬಾ. ಬಜಪೆ ಏರ್‌ಪೋರ್ಟಿಗೆ ನಾನೇ ರಿಕ್ಷಾ ಮಾಡಿಕೊಂಡು ಬರುತ್ತೇನೆ. ಬಂಗುಡೆ ಸಾರು ಮಾಡಿರುತ್ತೇನೆ. ಕಾರಣ ಕೇಳುವುದಿಲ್ಲ. ಮಾತು ನಾಲಿಗೆ ತುದಿಗೆ ಬಂದೇ ಬರುತ್ತದೆ, ಆಗ ನಿನಗೆ ಇನ್ನೊಂದು ಸೌಟು ಬಡಿಸುತ್ತೇನೆ.

ಇಂತಿ,
ಸಿಟ್ಟಿನಲ್ಲೂ ನಿನ್ನವಳೇ ಆದ ದೊಡ್ಡಮ್ಮ,
ಶಶಿಪ್ರಭಾ

ಮೇಲೆ ಬರೆಯದೆ ಬಿಟ್ಟದ್ದು: ಫ್ಲೆಕ್ಸ್ ತೆಗೆದದ್ದು ಸುಂದರ ಅಲ್ಲ, ನಾನು. ಅದರ ಕೆಳಗೆ ನಿಂತು ನಿನ್ನ ಮುಖ ತೋರಿಸಿ ನಗುತ್ತಿದ್ದರು, ತಡೆಯಲಾಗಲಿಲ್ಲ. ಅಲ್ಲೇ ಬಿಟ್ಟರೆ ಕೊನೆಗೆ ಯಾರದಾದರೂ ಮೀನಿನ ಪೆಟ್ಟಿಗೆಗೆ ಹೊದಿಕೆಯಾಗುತ್ತದೆ, ಗೊತ್ತಲ್ಲ. ಝುಬೈದಾಳ ಗಂಡ ಅಯ್ಯೂಬ್ ಏಣಿ ಹತ್ತಿ ಹಗ್ಗ ಕತ್ತರಿಸಿಕೊಟ್ಟರು. ಮಡಚಿದರೆ ಮುಖಕ್ಕೆ ಗೆರೆ ಬೀಳುತ್ತದೆಂದು ಸುರುಳಿ ಸುತ್ತಿ ಮಂಚದಡಿ ಇಟ್ಟಿದ್ದೇನೆ. ಇವತ್ತು ಸುಂದರನಿಗೆ ಹೇಗೋ ಗೊತ್ತಾಗಿ, ಯಾಕೆ ತೆಗೆದದ್ದು ಎಂದು ಜೋರು ಮಾಡಲು ಬಂದ. ಕಾರಣ ತಿಳಿಸಲಾಗುವುದಿಲ್ಲ ಎಂದೆ.