ಚಿದಂಬರ ಅವರ ಹೆಸರಿನ ಲೈಸೆನ್ಸ್

ಜೂನ್ 9, ಬೆಳಿಗ್ಗೆ

ಸರ್ವರ್ ಮತ್ತೆ ಲಾಗಿನ್ ಕೇಳಿತು. ತಿಂಗಳಿಗೊಮ್ಮೆ ಕೇಳುತ್ತದೆ. ಪಾಸ್‌ವರ್ಡ್ ಹಾಕಿದೆ. ಅದು ಗೊತ್ತಿರುವುದು ಚಿದಂಬರ ಅವರಿಗೆ ಮತ್ತು ನನಗೆ, ಅಷ್ಟೇ. ಹಾಕಿದ ಕೂಡಲೇ ಸೊರಬದಲ್ಲಿರುವ ಅವರ ಮೊಬೈಲ್‌ಗೆ ಕೋಡ್ ಹೋಗುತ್ತದೆ. ಫೋನ್ ಮಾಡಿ ಕೇಳಬೇಕು.

"ಕೋಡ್ ಬಂತೇನ್ರಿ?"

"ಬಂತು. ಬರ್ಕಳಿ."

ನಿಧಾನಕ್ಕೆ ಹೇಳುತ್ತಾರೆ, ಒಂದೊಂದೇ ಅಂಕಿ. ನಾಲ್ಕನೆಯದು ಕೇಳಿಸಲಿಲ್ಲ ಎಂದೆ. ಕೇಳಿಸಿತ್ತು.

"ತಿಂಡಿ ಆತಾ?" ಎಂದರು. ಆತು ಎಂದೆ. ಇಟ್ಟರು. ಇನ್ನು ಮುಂದಿನ ತಿಂಗಳವರೆಗೆ ಇದನ್ನೇ ಮೆಲುಕು ಹಾಕುವುದು.

ಜೂನ್ 11

ಎದುರಿನ ಖಾಲಿ ಕುರ್ಚಿ ಚಿದಂಬರ ಅವರದು. ಇಬ್ಬರೂ ಇಲ್ಲೇ ಕೂತು ಬರೆದ ಪ್ರೋಗ್ರಾಂ... ಶಿಕಾರಿಪುರದ ಲ್ಯಾಬ್‌ಗಳಲ್ಲಿ ರಕ್ತಪರೀಕ್ಷೆಯ ರಿಪೋರ್ಟ್ ಬರುವುದು ಅದರಿಂದಲೇ. ಬರೆಯುವಾಗ ಸರ್ವರ್ ಸಾಫ್ಟ್‌ವೇರ್‌ಗೆ ಅವರ ಹೆಸರಿನಲ್ಲಿ ಡೆವಲಪರ್ ಸಬ್‌ಸ್ಕ್ರಿಪ್ಷನ್ ತೆಗೆದುಕೊಂಡೆವು, ಪ್ರೋಗ್ರಾಂ ಬರೆಯುವವರಿಗೆ ಕೊಡುವ ಪುಕ್ಕಟೆ ಲೈಸೆನ್ಸ್. ಹೋದ ವರ್ಷ ಅವರು ಸೊರಬಕ್ಕೆ ಹೋಗಿ ಕಂಪ್ಯೂಟರ್ ಕ್ಲಾಸ್ ತೆರೆದರು. ಲೈಸೆನ್ಸ್ ಇಲ್ಲೇ ಉಳಿಯಿತು.

ಹೋಗಬೇಡಿ ಎನ್ನಬೇಕಿತ್ತು. "ಚಾರ್ಜರ್ ಮರೀಬ್ಯಾಡ್ರಿ" ಎಂದೆ. ಎಂಥ ಜಾಣೆ ನಾನು.

ಜೂನ್ 20

ಜಡೆ ಊರಿನಲ್ಲಿ ಹೊಸ ಲ್ಯಾಬ್ ಶುರುವಾಗುತ್ತಿದೆ. ಆ ಲ್ಯಾಬ್‌ನವರಿಗೆ ಲೈಸೆನ್ಸ್ ಕಾಗದ ಬೇಕಂತೆ. ನಮ್ಮ ಆಫೀಸಿನ ಓನರ್ ರೇಣುಕಾಪ್ರಸಾದ್ ಸರ್, "ಷರತ್ತು ಓದಿ ಹೇಳಮ್ಮ" ಎಂದರು.

ಓದಿದೆ. ಪ್ರೋಗ್ರಾಂ ಬರೆಯಬಹುದು, ಪರೀಕ್ಷೆ ಮಾಡಬಹುದು, ಕಲಿಯಬಹುದು. ಕಂಪನಿಯ ದಿನನಿತ್ಯದ ವ್ಯವಹಾರ ನಡೆಸುವಂತಿಲ್ಲ. ಒಬ್ಬರ ಹೆಸರಿನದನ್ನು ಇನ್ನೊಬ್ಬರು ಬಳಸುವಂತಿಲ್ಲ. ನಾವು ಎರಡನ್ನೂ ಮಾಡುತ್ತಿದ್ದೇವೆ.

ಆಫೀಸಿನ ಹೆಸರಿನಲ್ಲಿ ಕೊಂಡರೆ ಎಲ್ಲ ಸರಿ. ಆಮೇಲೆ ಕೋಡ್ ನನ್ನ ಮೊಬೈಲ್‌ಗೇ ಬರುತ್ತದೆ. ನನಗೆ ನಾನೇ ಫೋನ್ ಮಾಡಿಕೊಳ್ಳಲೇ?

ಸರ್ ಕೇಳಿದರು. ಇನ್ನೂ ಓದ್ತಿದೀನಿ ಎಂದೆ.

ಜುಲೈ 9

"ದನಿ ಯಾಕೋ ಸಣ್ಣ ಆಗೈತಲ್ಲ," ಎಂದರು ಚಿದಂಬರ. ಶೀತ ಎಂದೆ. ಎಲ್ಲಿಯ ಶೀತ. ಷರತ್ತಿನ ಮಾತು ನಾಲಗೆಯ ತುದಿಯಲ್ಲಿತ್ತು, ನುಂಗಿದೆ.

ಜುಲೈ 15

ಪ್ರಿಂಟರ್ ನೋಡಲು ಲ್ಯಾಬ್‌ಗೆ ಹೋಗಿದ್ದೆ. ಬಳ್ಳಿಗಾವಿಯ ಹೆಂಗಸೊಬ್ಬರು ಮಗಳ ರಿಪೋರ್ಟ್‌ಗೆ ಕಾಯುತ್ತಿದ್ದರು. "ಇನ್ನೂ ಬರ್ಲಿಲ್ಲೇನವ್ವ?" ಎಂದು ಮತ್ತೆ ಮತ್ತೆ ಕೇಳಿದರು. ಷರತ್ತು ಮುರಿದದ್ದಕ್ಕೆ ಒಂದು ದಿನ ಖಾತೆಯೇ ಬಂದ್ ಆದರೆ ಇವರಿಗೆ ಏನು ಹೇಳುವುದು. ನೋಟಿಸ್ ಬಂದರೂ ಚಿದಂಬರ ಅವರ ಹೆಸರಿಗೇ ಬರುತ್ತದೆ. ಅವರ ದನಿಯ ಆಸೆಗೆ ಅವರನ್ನೇ ಸಿಕ್ಕಿಸುತ್ತಿದ್ದೇನೆ.

ಸರ್‌ಗೆ ಷರತ್ತಿನ ವಿಷಯವೆಲ್ಲ ಹೇಳಿದೆ. ಗೊಣಗಿದರು, ಹೊಸದು ಕೊಳ್ಳಲು ಒಪ್ಪಿದರು.

ಜುಲೈ 24

ಹೊಸ ಲೈಸೆನ್ಸ್ ಬಂತು. ಕೋಡ್ ಕೇಳುವ ನೆಪವಿಲ್ಲದೆ ಮೊದಲ ಸಲ ಫೋನ್ ಮಾಡಿದೆ.

"ನಿಮ್ಮ ಖಾತೆ ಇಲ್ಲಿಂದ ತೆಗ್ದೀವ್ರಿ. ಇನ್ನು ನಿಮ್ಗೆ ತೊಂದ್ರೆ ಇಲ್ಲ."



"ತೊಂದ್ರೆ ಅಂತ ನಾನ್ಯಾವಾಗ ಹೇಳಿದ್ದೆ?"

"ಪಾಸ್‌ವರ್ಡ್ ಬದ್ಲಾಯಿಸ್ಕೊಳ್ರಿ."

"ಇರ್ಲಿ ಬಿಡಿ," ಎಂದರು.

ಆಗಸ್ಟ್ 9

ಕೋಡ್ ನನ್ನ ಮೊಬೈಲ್‌ಗೆ ಬಂತು. ಹಾಕಿದೆ. ತಿಂಡಿ ಆತಾ ಎಂದು ಯಾರೂ ಕೇಳಲಿಲ್ಲ. ಅಳು ಬಂತು, ಆಫೀಸಿನಲ್ಲೇ.

ಸೆಪ್ಟೆಂಬರ್ 9, ಬೆಳಿಗ್ಗೆ

ಅವರ ಫೋನ್.

"ಕೋಡ್ ಬಂದೈತೆ. ಬರ್ಕಳಿ."

ನಾನು ಲಾಗಿನ್ ಮಾಡಿಯೇ ಇಲ್ಲ. ಕಂಪ್ಯೂಟರ್ ಇನ್ನೂ ಆನ್ ಆಗಿರಲಿಲ್ಲ. ಯಾರಾದರೂ ಆ ಹಳೇ ಖಾತೆಯ ಪಾಸ್‌ವರ್ಡ್ ಹಾಕದೆ ಅವರಿಗೆ ಕೋಡ್ ಹೋಗುವುದಿಲ್ಲ. ಗೊತ್ತಿರುವುದು ಇಬ್ಬರಿಗೇ... ಪೆನ್ ತೆಗೆದುಕೊಂಡೆ.

"ಹೇಳ್ರಿ."

ಹೇಳಿದರು, ಒಂದೊಂದೇ. ನಾಲ್ಕನೆಯದು ಕೇಳಿಸಲಿಲ್ಲ ಎಂದೆ. ಇನ್ನೊಮ್ಮೆ ಹೇಳಿದರು. ಆಮೇಲೆ ಇಬ್ಬರೂ ಇಡಲಿಲ್ಲ.

"ತಿಂಡಿ ಆತೇನ್ರಿ?" ಈ ಸಲ ನಾನೇ ಕೇಳಿದೆ.

"ಇಲ್ಲ," ಎಂದರು. "ನಿಮ್ದು?"

ಆಗಿತ್ತು. ಇಲ್ಲ ಎಂದೆ. ಸರ್ ಹತ್ತಿರ ರಜೆ ಕೇಳಬೇಕು. ಸೊರಬದ ಬಸ್ಸು ಈಗ ಎಷ್ಟು ಹೊತ್ತಿಗಿದೆಯೋ.