ಝೀನಿಯಾದ ಮೊದಲ ಮೊಗ್ಗು

ಹಳಿಯಾಳ, ಶ್ರಾವಣ, ೧೯೩೮

ತೀರ್ಥರೂಪರಾದ ಅಪ್ಪನವರ ಪಾದಗಳಿಗೆ ಕಾಶೆವ್ವನ ಶರಣು.

ಇಂದು ಬೆಳಿಗ್ಗೆ ಶಾಲೆಯ ಅಂಗಳದ ಝೀನಿಯಾ ಎಂಬ ಹೂಗಿಡವೊಂದರಲ್ಲಿ, ಮೊಗ್ಗು ಚಿವುಟಿದ ಜಾಗದ ಕೆಳಗೆ, ಎರಡು ಚಿಗುರು ಕಂಡವು. ಅಕ್ಕಿಕಾಳಿನಷ್ಟು ಸಣ್ಣವು. ಬೇರೆ ಯಾರೂ ನೋಡಿರಲಿಕ್ಕಿಲ್ಲ.

ನಿಮ್ಮ ಪತ್ರ ಬಂದು ಹದಿನೈದು ದಿನವಾಯಿತು. ಪಾಠ ಹೇಳಲು ದನಿಯೇ ಏಳದಿದ್ದರೆ ನೌಕರಿ ಬಿಟ್ಟು ಊರಿಗೆ, ಪಾಳಾಕ್ಕೆ ಬಾ, ದೀಪಾವಳಿಗೆ ನಾಗಲಿಂಗಪ್ಪನವರು ಮಗನಿಗಾಗಿ ನಿನ್ನನ್ನು ನೋಡಲು ಬರುತ್ತಾರೆ ಎಂದು ಬರೆದಿದ್ದಿರಿ. ದನಿಯ ಮಾತು ನಿಜ. ಧಾರವಾಡದಲ್ಲಿ ಬಿ.ಎ. ಮುಗಿಸಿದವಳು ನಾಲ್ಕನೆಯ ಇಯತ್ತೆಯ ಹುಡುಗಿಯರ ಮುಂದೆ ತಡವರಿಸುತ್ತಿದ್ದೆ. "ನಿಮ್ಮ ಪಾಠ ಕರಿಹಲಗಿಗೆ ಅಷ್ಟ ಕೇಳಸ್ತೈತಿ ನೋಡ್ರಿ," ಎಂದು ಮುಖ್ಯ ಅಧ್ಯಾಪಕಿ ಗಿರಿಜಾಬಾಯಿಯವರು ಚುಚ್ಚುತ್ತಿದ್ದರು.

ಆದರೆ ಹೋದ ವಾರ ಒಂದು ಸಂಗತಿ ನಡೆಯಿತು. ಈ ಹೂವಿನ ಬೀಜ ಕೊಟ್ಟವರು ಅರಣ್ಯ ಇಲಾಖೆಯ ಜಂಗಲ್ ಸಾಹೇಬರ ಬಂಗಲೆಯ ಮಾಲಿ ಕಾಸಿಂಸಾಬರು. ಹುಡುಗಿಯರು ತಲೆಗೊಂದು ಗಿಡ ಬೆಳೆಸಿದ್ದರು. ಮೊಗ್ಗು ಕಂಡಾಗ ಕಾಸಿಂಸಾಬರು ಬಂದು, ಮೊದಲ ಮೊಗ್ಗನ್ನು ಚಿವುಟಿ ಎಸೆದರೆ ಗಿಡ ಕವಲೊಡೆದು ಮೈತುಂಬ ಹೂ ಬಿಡುತ್ತದೆ ಎಂದರು. ಹುಡುಗಿಯರು ಬೆಚ್ಚಿದರು. ನಮ್ಮ ಮನೆಗಳಲ್ಲಿ ಗಿಡದ ಮೊದಲ ಹೂ ಲಿಂಗಕ್ಕೆ ಏರಬೇಕಲ್ಲವೇ? ಎಲ್ಲರೂ ಮೊಗ್ಗಿಗೆ ಅಂಗೈ ಮುಚ್ಚಿ ಕುಳಿತುಬಿಟ್ಟರು.

"ಯವ್ವಾ, ನಾ ಏನ ನಿಮ್ಮ ಜಡಿ ಕೊಯ್ಯಾಕ ಬಂದೇನೇನ?" ಎಂದು ಕಾಸಿಂಸಾಬರು ನಕ್ಕರು.

"ಬೇಕಾದ್ರ ಜಡಿ ಕೊಯ್ಕೋ ಕಾಕಾ, ಮೊಗ್ಗಿ ಮುಟ್ಟಬ್ಯಾಡ!" ಎಂದಳು ತಾಯವ್ವ, ಎಲ್ಲರಿಗಿಂತ ಸಣ್ಣವಳು.

ಅಪ್ಪಾ, ಆಗ ನನ್ನ ದನಿ ಎದ್ದಿತು. "ತಡೀರಿ! ಚಿವುಟೂಣು, ಆದರ ಮಣ್ಣಿಗೆ ಹಾಕೂದು ಬ್ಯಾಡ. ಮೊಗ್ಗಿನ್ನ ಮನಿಗೆ ಒಯ್ದು ಲಿಂಗಕ್ಕ ಏರಸೂಣು. ಶಿವಂದು ಶಿವಗ ಮುಟ್ಟತೈತಿ, ಗಿಡಾನೂ ಕವಲ ಒಡೀತೈತಿ." ಓಣಿಯ ಆಚೆಗೂ ಕೇಳಿಸಿತಂತೆ! ನಾನೇ ಮೊದಲು ಚಿವುಟಿದೆ. ಸಂಜೆ ಅಂಗೈಯ ಲಿಂಗಕ್ಕೆ ಆ ಹಸಿರು ಮೊಗ್ಗನ್ನು ಏರಿಸಿದೆ. ಮರುದಿನ ಹುಡುಗಿಯರೂ ಸೆರಗಿನ ಚುಂಗಿನಲ್ಲಿ, ಪುಸ್ತಕದ ನಡುವೆ, ತಮ್ಮ ತಮ್ಮ ಮೊಗ್ಗು ಒಯ್ದರು. ಅಂದಿನಿಂದ ಪಾಠ ಹೇಳುವಾಗ ಅವರ ಮುಖ ನೋಡುತ್ತೇನೆ.

ನಿನ್ನೆ ಗಿರಿಜಾಬಾಯಿಯವರು, ದೀಪಾವಳಿಯ ಆಚೆಗೂ ಇರುತ್ತೀರಾ ಎಂದು ಕೇಳಿದರು. ಸುಮ್ಮನೆ ತಲೆಯಾಡಿಸದೆ, "ಇರ್ತೇನ್ರಿ," ಎಂದೆ. ನಿಮ್ಮನ್ನು ಕೇಳದೆ ಹೇಳಿದ್ದಕ್ಕೆ ಸಿಟ್ಟು ಬಂದರೆ ಬರೆಯಿರಿ, ಓದುತ್ತೇನೆ. ಆದರೆ ಈ ವರ್ಷ ಬರುವುದು ಬೇಡವೆಂದು ನಾಗಲಿಂಗಪ್ಪನವರಿಗೆ ತಿಳಿಸಿಬಿಡಿ. ನಿಮಗೆ ಸಂಕೋಚವಾದರೆ ನಾನೇ ಅವರಿಗೆ ಬರೆಯುತ್ತೇನೆ.

ಶಿವ ನಿಮ್ಮನ್ನು ತಂಪಾಗಿಟ್ಟಿರಲಿ.

ನಿಮ್ಮ ಮಗಳು,
ಕಾಶೆವ್ವ