ಹುಲ್ಲಿನ ಹೊಲಕ್ಕೆ ಬಿದ್ದ ಬೇಲಿ

ಔರಾದ
೫ ನವೆಂಬರ್ ೨೦೨೫

ತಮ್ಮ ವೈಜಿನಾಥನಿಗೆ,

ಮೂರನೇ ಇಯತ್ತೆಗೆ ಸಾಲಿ ಬಿಟ್ಟವಳ ಕೈಗೆ ಪೆನ್ನು ಹಿಡಿಸಿದೆಯಲ್ಲ, ಶಹಬ್ಬಾಸ್. ನೀನು ಫೋನು ಎತ್ತಿದ್ದರೆ ನಾಲ್ಕು ಮಾತು ಬೈದು ಮುಗಿಸುತ್ತಿದ್ದೆ. ನಿನ್ನ ಮಂಡಿನೋವು ಹೇಗಿದೆ? ಸೋನಾಲಿ ಭಾಲ್ಕಿಯ ತವರಿನಿಂದ ಬಂದಳೇ? ಅವಳ ಮೇಲೆ ನನಗೆ ಸಿಟ್ಟಿಲ್ಲ.

ಅಪ್ಪ ನನ್ನ ಪಾಲಿಗೆ ಬಿಟ್ಟ ಹುಲ್ಲಿನ ಹೊಲಕ್ಕೆ ಬೇಲಿ ಬಿದ್ದಿದೆ. ಹುಲ್ಲಿನ ಬೀಜ ಉದುರಬೇಕು, ದೀವಳಿಗೆಯವರೆಗೆ ಅಲ್ಲಿ ಕುರಿ ಬಿಡಬಾರದು ಎಂಬುದು ನಮ್ಮ ಮನೆಯ ಕಟ್ಟಳೆ. ಅಷ್ಟು ದಿನ ಅದು ಜಿಂಕೆ-ಚಿಗರಿಗಳ ಪಾಲು. ಕುರಿಯಿಲ್ಲದ ಆ ಹೊಲದ ಫೋಟೊ ಹೊಡೆದು ನೀನೂ ಆ ಗಿಡ ನೆಡುವ ಕಂಪನಿಯವರೂ ಬಂಜರು ಎಂದು ತೋರಿಸಿದ್ದೀರಿ. ಬೀದರ ಕೋಟೆ ನೋಡಲು ನಿನ್ನ ಕಾರುಗಳಲ್ಲಿ ಬರುವವರು ಫೋನಿನಲ್ಲಿ ಬಾಡಿಗೆ ಕಟ್ಟುವಾಗ ಗಿಡದ ಹೆಸರಿನಲ್ಲಿ ಹತ್ತು ರೂಪಾಯಿ ಹೆಚ್ಚು ಹೋಗುತ್ತದಂತೆ. ಅವರ ಕಾರಿನ ಹೊಗೆಯ ಪಾಪ ನನ್ನ ಹೊಲದಲ್ಲಿ ಕಳೆಯುತ್ತದಂತೆ. ಬೀಜ ಉದುರುವ ಮೊದಲೇ ಜೆಸಿಬಿ ತಂದು ಹುಲ್ಲು ಕೆರೆದು ನೀಲಗಿರಿ ನೆಟ್ಟರು. ಹುಲ್ಲು ಹಸಿರಲ್ಲವೇನೋ? ಚಿಗರಿಗಳು ಬೇಲಿಯ ಸುತ್ತ ತಿರುಗುತ್ತಿವೆ.

ಕಂಪನಿಯ ಮನುಷ್ಯ ಖಾಲಿದನಿಗೆ ಬಾಯಿಗೆ ಬಂದಂತೆ ಬೈದೆ. ಅವನು ತಣ್ಣಗೆ ಫೋನು ತೋರಿಸಿ, "ಹದಿನೈದು ವರ್ಷಕ್ಕ ಹೊಲಾ ನೀವೇ ಲೀಸಿಗೆ ಕೊಟ್ಟೀರಲ್ರಿ ಅಮ್ಮಾ, ಇದು ನಿಮ್ದೇ ಮಾರಿ ಅಲ್ಲೇನ್ರಿ?" ಅಂದ. ನನ್ನದೇ ಮುಖ. ಹಣೆಯ ತುಂಬ ವಿಭೂತಿ. ಶ್ರಾವಣದಲ್ಲಿ ನೀನು ಬಂದು, "ಅಕ್ಕಾ, ಇದರಾಗ ನೋಡಿ ಒಮ್ಮಿ ಕಣ್ಣ ಮುಚ್ಚಿ ತೆರಿ, ಪಿಂಚಣಿ ನಿಲ್ಲಂಗಿಲ್ಲ" ಅಂದಿದ್ದೆ. ಸರಕಾರದ ಮುಂದೆ ಬರಿ ಹಣೆಯಲ್ಲಿ ಕೂರಬಾರದೆಂದು ನಾನು ಎದ್ದು ಹೋಗಿ ವಿಭೂತಿ ಹಚ್ಚಿಕೊಂಡು ಬಂದೆ. ನೀನು ಫೋನು ಹಿಡಿದು ಕಾದು ಕುಳಿತಿದ್ದೆ. ಅಷ್ಟು ಹೊತ್ತು ಕುಳಿತವನ ಬಾಯಿಂದ ಒಂದು ನಿಜ ಹೊರಡಲಿಲ್ಲ. ನಾನು ಕಣ್ಣು ಮುಚ್ಚಿ ತೆರೆದದ್ದೇ ಕರಾರಿಗೆ ನನ್ನ ಸಹಿಯಾಯಿತು. ನೀನು ಚಹಾ ಕುಡಿದು, ನನ್ನ ಕಾಲಿಗೆ ಬಿದ್ದು ಹೋದೆ.

ಬೇರೆಯವರು ಮೋಸ ಮಾಡಿದ್ದರೆ ಊರಿಗೆಲ್ಲ ಸಾರುತ್ತಿದ್ದೆ. ನಿನ್ನ ಹೆಸರನ್ನು ಹೇಗೆ ಸಾರಲಿ?

ಮಕ್ಕಳಿಗೆ ಬಸವಣ್ಣ ಒಳ್ಳೆಯದು ಮಾಡಲಿ. ನಿನ್ನ ವಿಷಯ ಅವನಿಗೇ ಬಿಟ್ಟಿದ್ದೇನೆ.

ನಿನ್ನ ಅಕ್ಕ,
ಅನುಸೂಯಾಬಾಯಿ

ತಾ.ಕ.: ನಿನ್ನೆ ಚಿಗರಿ ಮರಿಯೊಂದು ತಂತಿಗೆ ಸಿಕ್ಕಿ ಸತ್ತಿತು. ಬೇಲಿ ಕತ್ತರಿಸಿ ಹಾಕಿದೆ. ನಾನೇ ಕತ್ತರಿಸಿದ್ದೆಂದು ಖಾಲಿದನಿಗೂ ಹೇಳಿದೆ. ಹದಿನೇಳನೇ ತಾರೀಖು ತಹಶೀಲ್ದಾರರಿಗೆ ಮೋಸವಾಗಿದೆ ಎಂದು ಅರ್ಜಿ ಕೊಡುತ್ತೇನೆ. ಫೋನು ಹಿಡಿದವನು ಯಾರೆಂದು ಕೇಳುತ್ತಾರೆ. ನೀನೇ ಬಂದು ಹೇಳುತ್ತೀಯೋ, ನಾನು ಹೇಳಲೋ? ಹದಿನೈದರೊಳಗೆ ಉತ್ತರ ಬರಬೇಕು.